ಎಣ್ಣೆ ಕುಡಿಯುವ ಎಂಜಿನ್ನು, ಧೂಳು ತಿಂದ ಉಂಗುರ

(ನಮ್ಮ ಬಳಗದ ಗೆಳೆಯರು ಮಧುಗಿರಿ, ಸಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳಲ್ಲಿ ಕೈಗೊಂಡ ತಿರುಗಾಟದ ಕೊನೆಯ ದಿನ ಮಧುಗಿರಿಯಲ್ಲಿ ಸೇರಿದ್ದ ರೈತರು, ಟ್ರ್ಯಾಕ್ಟರ್ ಚಾಲಕರು ಮತ್ತು ಗ್ಯಾರೇಜು ಕೆಲಸಗಾರರ ಮುಂದೆ, ಡೀಸೆಲ್ ಮೆಕ್ಯಾನಿಕ್ ತರಬೇತಿಯ ನಿವೃತ್ತ ಬೋಧಕರೊಬ್ಬರು ಆಡಿದ ಮಾತುಗಳ ಬರಹರೂಪ.)



ಪರಿಸರದ ಸಭೆಗೆ ಎಂಜಿನ್ ಬಿಚ್ಚುವವನನ್ನು ಏಕೆ ಕರೆದರು ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರಿಗಾದರೂ ಬಂದಿರಬೇಕು. ನನಗೂ ಬಂದಿತ್ತು. ಮಲೆನಾಡಿನಿಂದ ಬಂದ ಈ ಗೆಳೆಯರು ನಿನ್ನೆ ನನ್ನನ್ನು ಒಂದು ಮಾತು ಕೇಳಿದರು: "ನಿಮ್ಮ ಸೀಮೆಯ ಹೊಲಗಳಲ್ಲಿ ಉಳುವ ಟ್ರ್ಯಾಕ್ಟರುಗಳಲ್ಲಿ ಇಷ್ಟೊಂದು ನೀಲಿ ಹೊಗೆ ಏಕೆ?" ಆ ಪ್ರಶ್ನೆಗೆ ಉತ್ತರ ಹೇಳಲು ಹೊರಟರೆ ಪಿಸ್ಟನ್ನಿನ ಉಂಗುರದಿಂದ ಆರಂಭಿಸಿ ನಮ್ಮ ಬೆಟ್ಟ, ನಮ್ಮ ಮಣ್ಣು, ನಮ್ಮ ಕೊಳವೆಬಾವಿಯ ನೀರಿನವರೆಗೆ ಹೋಗಬೇಕಾಗುತ್ತದೆ. ಆದ್ದರಿಂದ ಈ ಮಾತು ಪರಿಸರದ ಸಭೆಗೆ ಹೊರತಾದದ್ದಲ್ಲ ಎಂದು ಧೈರ್ಯ ಮಾಡಿ ನಿಂತಿದ್ದೇನೆ.

"ಗಾಡಿ ಆಯಿಲ್ ಕುಡಿಯುತ್ತಿದೆ" ಎಂದು ನಾವು ಗ್ಯಾರೇಜಿನಲ್ಲಿ ಹೇಳುತ್ತೇವೆ. ಡಿಪ್ ಸ್ಟಿಕ್ ಎಳೆದು ನೋಡಿದರೆ ಗೆರೆಯಿಂದ ಕೆಳಗಿಳಿದಿದೆ. ನೆಲದ ಮೇಲೆ ಒಂದು ತೊಟ್ಟೂ ಸೋರಿಲ್ಲ. ಹಾಗಾದರೆ ಎಣ್ಣೆ ಎಲ್ಲಿ ಹೋಯಿತು? ಒಳಗೇ ಸೋರಿತು. ಹೊರಗಿನ ಸೋರಿಕೆ ಕಣ್ಣಿಗೆ ಕಾಣುತ್ತದೆ, ಅದಕ್ಕೆ ನಾವು ವಾಷರು ಹಾಕುತ್ತೇವೆ. ಒಳಗಿನ ಸೋರಿಕೆ ಹೊಗೆಯಾಗಿ ಹೋಗುತ್ತದೆ, ಅದಕ್ಕೆ ಇನ್ನರ್ಧ ಲೀಟರ್ ಸುರಿದು ಸುಮ್ಮನಾಗುತ್ತೇವೆ.

ಮೊದಲು ಉಂಗುರದ ಕೆಲಸವನ್ನು ತಿಳಿಯೋಣ. ಸಿಲಿಂಡರಿನ ಒಳಗೆ ಪಿಸ್ಟನ್ ಸಡಿಲವಾಗಿಯೇ ಇರುತ್ತದೆ, ಇರಲೂಬೇಕು. ಕಾದಾಗ ಅದು ಹಿಗ್ಗುತ್ತದೆ, ಬಿಗಿಯಾಗಿದ್ದರೆ ಹಿಡಿದುಕೊಂಡುಬಿಡುತ್ತದೆ. ಆ ಸಂದಿಯನ್ನು ಮುಚ್ಚುವುದೇ ಉಂಗುರ. ಒಂದು ಕಡೆ ಕತ್ತರಿಸಿ ಬಾಯಿ ಬಿಟ್ಟ, ತನ್ನ ಬಿಗುವಿನಿಂದಲೇ ಹೊರಕ್ಕೆ ಅರಳಿಕೊಳ್ಳುವ ಲೋಹದ ಬಳೆ ಅದು. 1850ರ ದಶಕದಲ್ಲಿ ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಜಾನ್ ರಾಮ್ಸ್‌ಬಾಟಮ್ ಉಗಿಯಂತ್ರಗಳಿಗೆ ಇದನ್ನು ರೂಪಿಸಿದರು. ಅದಕ್ಕೆ ಮುಂಚೆ ಸೆಣಬಿನ ಹುರಿಯನ್ನೋ ಚರ್ಮವನ್ನೋ ಸುತ್ತಿ ಸಂದಿ ಮುಚ್ಚುತ್ತಿದ್ದರು. ಇಂದಿಗೂ ಉಂಗುರದ ಮೂಲತತ್ತ್ವ ಬದಲಾಗಿಲ್ಲ.

ಈಗಿನ ಡೀಸೆಲ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಒಂದು ಪಿಸ್ಟನ್ನಿಗೆ ಮೂರು ಉಂಗುರಗಳು. ಹಳೆಯ ಪಂಪುಸೆಟ್ಟುಗಳಲ್ಲಿ ನಾಲ್ಕೈದು ಇರುತ್ತಿದ್ದವು. ಮೇಲಿನದು ಉರಿಯುವ ಅನಿಲವನ್ನು ತಡೆಯುತ್ತದೆ. ಎರಡನೆಯದು ಉಳಿದ ಅನಿಲವನ್ನು ತಡೆಯುವುದರ ಜೊತೆಗೆ ಗೋಡೆಯ ಎಣ್ಣೆಯನ್ನೂ ಕೆಳಕ್ಕೆ ಹೆರೆಯುತ್ತದೆ. ಮೂರನೆಯದು ಎಣ್ಣೆಯ ಉಂಗುರ. ಅದರ ಹಿಂದೆ ಸ್ಪ್ರಿಂಗು, ಮೈಯಲ್ಲಿ ಸೀಳುಗಳು. ಕೆಳಗಿನ ಚೇಂಬರಿನಿಂದ ಚಿಮ್ಮಿ ಗೋಡೆಗೆ ಅಂಟಿದ ಎಣ್ಣೆಯನ್ನು ಬಳಿದು, ಆ ಸೀಳುಗಳ ಮೂಲಕ ಪಿಸ್ಟನ್ನಿನ ಒಳಕ್ಕೂ ಅಲ್ಲಿಂದ ಚೇಂಬರಿಗೂ ಇಳಿಸುತ್ತದೆ.

ಆದರೆ ಪೂರ್ತಿ ಬಳಿಯುವುದಿಲ್ಲ. ಪೂರ್ತಿ ಬಳಿದರೆ ಲೋಹಕ್ಕೆ ಲೋಹ ಉಜ್ಜಿ ಎಂಜಿನ್ನು ಒಂದು ದಿನವೂ ಬಾಳದು. ಗೋಡೆಯ ಮೇಲೆ ಕೆಲವೇ ಮೈಕ್ರಾನುಗಳ ಎಣ್ಣೆಯ ಪದರ ಉಳಿಯಲೇಬೇಕು. ನಮ್ಮ ತಲೆಗೂದಲ ದಪ್ಪ ಸುಮಾರು 70 ಮೈಕ್ರಾನು. ಆ ಪದರ ಅದರ ಹತ್ತರಲ್ಲಿ ಒಂದಂಶಕ್ಕಿಂತಲೂ ತೆಳು. ಅದರಲ್ಲಿ ಸ್ವಲ್ಪ ಉರಿದು ಹೋಗುವುದು ಸಹಜ. ಹೊಸ ಎಂಜಿನ್ನೂ ತುಸು ಎಣ್ಣೆ ತಿನ್ನುತ್ತದೆ. ಎಷ್ಟು ತಿನ್ನುತ್ತದೆ ಎಂಬುದಷ್ಟೇ ಪ್ರಶ್ನೆ.

ಆ ಉಂಗುರ ನಡೆಯುವ ದಾರಿ ಎಷ್ಟು ದೊಡ್ಡದು ಎಂದು ಒಮ್ಮೆ ಲೆಕ್ಕ ಹಾಕಿ. ಪಿಸ್ಟನ್ನಿನ ಓಟ 110 ಮಿಲಿಮೀಟರ್, ನಿಮಿಷಕ್ಕೆ 2,000 ಸುತ್ತು ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ನಿಮಿಷಕ್ಕೆ 440 ಮೀಟರ್. ಗಂಟೆಗೆ 26 ಕಿಲೋಮೀಟರಿಗೂ ಹೆಚ್ಚು. ಒಂಬತ್ತು ಗಂಟೆ ಉತ್ತರೆ ಸುಮಾರು 240 ಕಿಲೋಮೀಟರ್, ಅಂದರೆ ಸಿರಾದಿಂದ ಬೆಂಗಳೂರಿಗೆ ಹೋಗಿ ಬಂದಷ್ಟು ದೂರ. ಹೊಲದ ಒಂದೇ ಅಂಚಿನಲ್ಲಿ ಅಡ್ಡಾಡಿದ ಟ್ರ್ಯಾಕ್ಟರಿನ ಉಂಗುರ ಅಂದು ಅಷ್ಟು ದೂರ ಗೋಡೆಯನ್ನು ಉಜ್ಜಿಕೊಂಡು ನಡೆದಿರುತ್ತದೆ.

ಇನ್ನು ಸವೆತದ ಮಾತು. ಉಂಗುರ ಸವೆದಾಗ ಎಣ್ಣೆಗೆ ಒಂದೇ ದಾರಿ ತೆರೆಯುವುದಿಲ್ಲ, ಹಲವು ದಾರಿಗಳು ತೆರೆಯುತ್ತವೆ.

ಮೊದಲನೆಯದು, ಹೆರೆಯುವ ಅಂಚು ಮೊಂಡಾಗುತ್ತದೆ. ಚೂಪಾದ ಅಂಚು ಎಣ್ಣೆಯನ್ನು ಕೆರೆದು ತೆಗೆಯುತ್ತದೆ. ಮೊಂಡು ಅಂಚು ಎಣ್ಣೆಯ ಮೇಲೆ ತೇಲಿ ಜಾರುತ್ತದೆ. ಜೊತೆಗೆ ಉಂಗುರದ ಬಿಗುವೂ ಕಾಲಕ್ರಮದಲ್ಲಿ ಇಳಿಯುತ್ತದೆ. ಹೀಗೆ ಗೋಡೆಯ ಮೇಲೆ ಉಳಿಯುವ ಪದರ ದಪ್ಪವಾಗುತ್ತದೆ, ಉರಿಯ ಕೋಣೆಗೆ ಬಯಲಾಗುವ ಎಣ್ಣೆ ಹೆಚ್ಚುತ್ತದೆ.

ಎರಡನೆಯದು ಉಂಗುರದ ಬಾಯಿ. ಸಿಲಿಂಡರಿನ ವ್ಯಾಸದ ಪ್ರತಿ ನೂರು ಮಿಲಿಮೀಟರಿಗೆ ಸುಮಾರು 0.3ರಿಂದ 0.4 ಮಿಲಿಮೀಟರ್ ಬಾಯಿ ಬಿಡುವುದು ರೂಢಿ. ಸಿಲಿಂಡರು ಸವೆದು ವ್ಯಾಸ ಕೇವಲ 0.1 ಮಿಲಿಮೀಟರ್ ಹೆಚ್ಚಿತು ಎನ್ನಿ. ಸುತ್ತಳತೆ ಅದರ ಮೂರು ಪಟ್ಟಿಗೂ ತುಸು ಹೆಚ್ಚು ಬೆಳೆಯುತ್ತದೆ. ಅಷ್ಟೂ ಬಾಯಿಗೇ ಸೇರುತ್ತದೆ. ಬಾಯಿ ಎರಡು ಪಟ್ಟಾಯಿತು. ಬಂಡಿಯ ಚಕ್ರಕ್ಕೆ ಪಟ್ಟಿ ಕಟ್ಟುವ ಕಮ್ಮಾರರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚಕ್ರ ಒಂದು ಬೆರಳು ಅಗಲವಾದರೆ ಪಟ್ಟಿಗೆ ಮೂರು ಬೆರಳು ಕಬ್ಬಿಣ ಬೇಕೆಂದು ಅವರಿಗೆ ಗೊತ್ತು.

ಮೂರನೆಯದು ನಮ್ಮ ಹುಡುಗರು ಹೆಚ್ಚಾಗಿ ಮರೆಯುವಂಥದ್ದು: ಉಂಗುರ ಕೂರುವ ಪಿಸ್ಟನ್ನಿನ ಕಾಲುವೆಯ ಸವೆತ. ಕಾಲುವೆ ಅಗಲವಾದಾಗ ಉಂಗುರ ಅದರೊಳಗೆ ಮೇಲೆ ಕೆಳಗೆ ಕುಣಿಯುತ್ತದೆ. ಪಿಸ್ಟನ್ ಇಳಿಯುವಾಗ ಉಂಗುರ ಕಾಲುವೆಯ ಮೇಲಂಚಿಗೆ ಒತ್ತಿಕೊಂಡು ಕೆಳಗಿನ ಸಂದಿಗೆ ಎಣ್ಣೆ ತುಂಬುತ್ತದೆ. ಪಿಸ್ಟನ್ ಏರುವಾಗ ಉಂಗುರ ಕೆಳಗೆ ಕೂತು, ಆ ಎಣ್ಣೆ ಹಿಂದಿನಿಂದ ಸುತ್ತಿ ಮೇಲಕ್ಕೆ ತಳ್ಳಲ್ಪಡುತ್ತದೆ. ಎಣ್ಣೆಯನ್ನು ತಡೆಯಬೇಕಾದ ಉಂಗುರವೇ ಸಣ್ಣ ಪಂಪಾಗಿ ಅದನ್ನು ಮೇಲಕ್ಕೆತ್ತುತ್ತದೆ.

ನಾಲ್ಕನೆಯದು, ಎಣ್ಣೆ ಉಂಗುರದ ಸೀಳುಗಳು ಕರಿಯಿಂದ ಕಟ್ಟಿಕೊಳ್ಳುವುದು. ಕಾಲಕ್ಕೆ ಸರಿಯಾಗಿ ಬದಲಿಸದ ಎಣ್ಣೆ ಸುಟ್ಟು ಗಟ್ಟಿಯಾಗಿ ಆ ದಾರಿಯನ್ನು ಮುಚ್ಚುತ್ತದೆ. ಬಳಿದ ಎಣ್ಣೆ ಹಿಂದಿರುಗಲು ದಾರಿಯಿಲ್ಲದೆ ಮೇಲೇರುತ್ತದೆ. ಆಗ ಉಂಗುರ ಸವೆದಿರಬೇಕೆಂದೂ ಇಲ್ಲ, ಅಂಟಿಕೊಂಡಿದ್ದರೆ ಸಾಕು.

ತರಬೇತಿಯ ಹುಡುಗರು ಇಲ್ಲಿ ಒಂದು ಒಳ್ಳೆಯ ಪ್ರಶ್ನೆ ಕೇಳುತ್ತಿದ್ದರು. "ಸಾರ್, ಉರಿಯುವಾಗ ಒತ್ತಡ ಇರುವುದು ಮೇಲೆ. ಸಂದಿ ಇದ್ದರೆ ಅನಿಲ ಕೆಳಗೆ ಹೋಗಬೇಕು, ಎಣ್ಣೆ ಮೇಲೆ ಹೇಗೆ ಬರುತ್ತದೆ?" ಎರಡೂ ನಡೆಯುತ್ತದೆ ಎಂಬುದೇ ಉತ್ತರ. ಉರಿಯ ಹೊಡೆತದಲ್ಲಿ ಅನಿಲ ಸವೆದ ಉಂಗುರವನ್ನು ದಾಟಿ ಚೇಂಬರಿಗೆ ನುಗ್ಗುತ್ತದೆ. ಅದರಲ್ಲಿ ಸ್ವಲ್ಪ ಭಾಗ ಮೊದಲ ಮತ್ತು ಎರಡನೆಯ ಉಂಗುರಗಳ ನಡುವೆ ಸಿಕ್ಕಿಬೀಳುತ್ತದೆ. ಮುಂದೆ ಗಾಳಿ ಎಳೆಯುವ ಹೊಡೆತ ಬಂದಾಗ ಮೇಲಿನ ಒತ್ತಡ ಇಳಿದಿರುತ್ತದೆ. ಸಿಕ್ಕಿಬಿದ್ದ ಅನಿಲ ಈಗ ಹಿಮ್ಮುಖವಾಗಿ, ಎಣ್ಣೆಯ ತುಂತುರನ್ನು ಹೊತ್ತುಕೊಂಡು ಮೇಲಕ್ಕೆ ಚಿಮ್ಮುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಥ್ರಾಟಲ್ ಮುಚ್ಚಿದಾಗ ಹುಟ್ಟುವ ಎಳೆತ ಇದಕ್ಕೆ ಮತ್ತಷ್ಟು ಬಲ ಕೊಡುತ್ತದೆ. ಅತ್ತ ಚೇಂಬರಿಗೆ ನುಗ್ಗಿದ ಅನಿಲ ಅಲ್ಲಿ ಒತ್ತಡ ಹೆಚ್ಚಿಸಿ, ಬ್ರೀದರ್ ಕೊಳವೆಯಿಂದ ಎಣ್ಣೆಯ ಹಬೆ ಕಾರುತ್ತದೆ, ಸೀಲುಗಳನ್ನೂ ಒದ್ದೆಮಾಡುತ್ತದೆ. ಹೀಗೆ ಒಂದೇ ಸವೆತದಿಂದ ಎಣ್ಣೆ ಮೇಲಕ್ಕೂ ಹೋಯಿತು, ಹೊರಕ್ಕೂ ಹೋಯಿತು.

ಇದು ಎಲ್ಲ ಊರಿನ ಎಂಜಿನ್ನಿಗೂ ಒಪ್ಪುವ ವಿವರಣೆ. ನಮ್ಮ ಸೀಮೆಯಲ್ಲಿ ಉಂಗುರ ಬೇಗ ಸವೆಯುವುದೇಕೆ ಎಂಬುದಕ್ಕೆ ಕಾರಣ ಬೇರೆಯೇ ಇದೆ. ಅದಕ್ಕೆ ಇಲ್ಲಿಂದ ತಲೆಯೆತ್ತಿ ನಮ್ಮ ಬೆಟ್ಟವನ್ನು ನೋಡಬೇಕು.

ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಕಲ್ಲಿನ ಪಟ್ಟಿಯೊಂದು ಉತ್ತರ ದಕ್ಷಿಣವಾಗಿ ನಮ್ಮ ನಾಡಿನಲ್ಲಿ ಹಾದುಹೋಗಿದೆ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಅಲ್ಲಿನ ಬಂಡೆಗಳಿಂದ ಆ ಹೆಸರು ಬಂತು. ಆ ಪಟ್ಟಿ ನಮ್ಮ ಸೀಮೆಯಲ್ಲೇ ಹಾದು ಉತ್ತರಕ್ಕೆ ಸಾಗುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆ ಕಡೆಯ ಚನ್ನರಾಯನದುರ್ಗ, ಮಿಡಿಗೇಶಿ, ಪಾವಗಡದ ಕೋಟೆಬೆಟ್ಟ ಎಲ್ಲ ಕಲ್ಲಿನ ಸಂತಾನ. ಗ್ರಾನೈಟಿನ ಒಂದು ಮುಖ್ಯ ಅಂಶ ಬೆಣಚು. ಕಲ್ಲು ಶಿಥಿಲವಾಗಿ ಮಣ್ಣಾದಾಗ ಉಳಿದ ಖನಿಜಗಳು ಕರಗಿ ಜೇಡಿಯಾದರೂ ಬೆಣಚು ಕರಗುವುದಿಲ್ಲ. ಸಣ್ಣ ಹರಳಾಗಿ ಹಾಗೆಯೇ ಉಳಿಯುತ್ತದೆ. ಖನಿಜಗಳ ಗಡಸುತನದ ಅಳತೆಯಲ್ಲಿ ಬೆಣಚಿಗೆ 7. ಎರಕದ ಕಬ್ಬಿಣ ಅದಕ್ಕಿಂತ ಬಹಳ ಮೆದು. ಉಂಗುರದ ಮುಖಕ್ಕೆ ಕ್ರೋಮಿಯಂ ಲೇಪ ಕೊಡುವುದು ಈ ಉಜ್ಜುವಿಕೆಯನ್ನು ತಾಳಲೆಂದೇ. ಆದರೆ ಲೈನರಿಗೂ ಪಿಸ್ಟನ್ನಿನ ಕಾಲುವೆಗಳಿಗೂ ಸಾಮಾನ್ಯವಾಗಿ ಆ ಕವಚ ಇರುವುದಿಲ್ಲ.

ಇನ್ನು ಮಳೆ. ಆಗುಂಬೆಯಲ್ಲಿ ಸುರಿಯುವ ಮಳೆಯ ಹತ್ತರಲ್ಲಿ ಒಂದಂಶವೂ ಪಾವಗಡ, ಸಿರಾಗಳಿಗೆ ಬೀಳುವುದಿಲ್ಲ. ವರ್ಷದ ಹೆಚ್ಚಿನ ತಿಂಗಳು ನೆಲ ಒಣಗಿರುತ್ತದೆ. ಮುಂಗಾರಿಗೆ ಮುಂಚೆ ಕಡಲೆಕಾಯಿ ಹೊಲ ಹಸನು ಮಾಡುವಾಗ ಟ್ರ್ಯಾಕ್ಟರಿನ ಹಿಂದೆ ಏಳುವ ಕೆಂಧೂಳು ನಿಮಗೆ ಗೊತ್ತೇ ಇದೆ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2019ರ ಹೊತ್ತಿಗೆ ಪೂರ್ಣಗೊಂಡ 2,050 ಮೆಗಾವ್ಯಾಟಿನ ಸೌರ ಉದ್ಯಾನದಲ್ಲಿ ಫಲಕಗಳ ಧೂಳು ತೆಗೆಯುವುದು ಮತ್ತೆ ಮತ್ತೆ ಮಾಡಲೇಬೇಕಾದ ಕೆಲಸ. ಫಲಕದ ಮೇಲೆ ಕೂತ ಧೂಳು ಕಣ್ಣಿಗೆ ಕಾಣುತ್ತದೆ. ಎಂಜಿನ್ನು ನುಂಗಿದ ಧೂಳು ಕಾಣುವುದಿಲ್ಲ.

ಎಂಜಿನ್ನು ಎಷ್ಟು ಗಾಳಿ ನುಂಗುತ್ತದೆ? ಮೂರು ಲೀಟರಿನ ಎಂಜಿನ್ನು 2,000 ಸುತ್ತಿನಲ್ಲಿ ನಿಮಿಷಕ್ಕೆ ಎರಡೂವರೆ ಸಾವಿರ ಲೀಟರಿನಷ್ಟು ಗಾಳಿ ಎಳೆಯುತ್ತದೆ. ಮುನ್ನೂರಕ್ಕೂ ಹೆಚ್ಚು ಮಂದಿ ಕುಳಿತು ಉಸಿರಾಡುವಷ್ಟು ಗಾಳಿ ಅದು. ಅಷ್ಟನ್ನೂ ಸೋಸಬೇಕಾದದ್ದು ಒಂದು ಏರ್ ಕ್ಲೀನರು. ಅದನ್ನು ತಪ್ಪಿಸಿ ಒಳನುಗ್ಗಿದ ಐದರಿಂದ ಇಪ್ಪತ್ತು ಮೈಕ್ರಾನಿನ ಕಣಗಳು ಎಣ್ಣೆಯ ಪದರದಲ್ಲಿ ಸಿಕ್ಕಿ, ಉಂಗುರ ಮತ್ತು ಗೋಡೆಯ ನಡುವೆ ಸಾಣೆಯ ಪುಡಿಯಂತೆ ಕೆಲಸ ಮಾಡುತ್ತವೆ.

ಕೊಳವೆಬಾವಿ ಕೊರೆಯುವ ಗಾಡಿಗಳ ಪಾಡು ಇನ್ನೂ ಕಷ್ಟದ್ದು. ನಮ್ಮಲ್ಲಿಗೆ ಬರುವ ರಿಗ್ಗುಗಳಲ್ಲಿ ಎಷ್ಟೋ ತಮಿಳುನಾಡಿನ ತಿರುಚೆಂಗೋಡಿನ ಕಡೆಯವು. ನೀರು ಸಿಗುವವರೆಗೆ ಬಾವಿಯಿಂದ ಬಿಳಿಯ ಕಲ್ಲುಹಿಟ್ಟು ಮೋಡದಂತೆ ಏಳುತ್ತದೆ. ಪಕ್ಕದಲ್ಲೇ ನಿಂತ ಕಂಪ್ರೆಸರಿನ ಎಂಜಿನ್ನು ಆ ಗಾಳಿಯನ್ನೇ ಉಸಿರಾಡುತ್ತದೆ. ಮೂಗಿಗೆ ಬಟ್ಟೆ ಕಟ್ಟಿ ನಿಂತ ಹುಡುಗರೂ ಅದನ್ನೇ ಉಸಿರಾಡುತ್ತಾರೆ. ಬೆಣಚಿನ ಧೂಳು ಎಂಜಿನ್ನಿನಲ್ಲಿ ಉಂಗುರವನ್ನು ತಿನ್ನುತ್ತದೆ, ಮನುಷ್ಯನ ಶ್ವಾಸಕೋಶದಲ್ಲಿ ಸಿಲಿಕೋಸಿಸ್ ಎಂಬ ರೋಗವಾಗುತ್ತದೆ. ಎಂಜಿನ್ನಿಗೆ ಹೊಸ ಉಂಗುರ ಹಾಕಬಹುದು. ಶ್ವಾಸಕೋಶಕ್ಕೆ ಆ ದುರಸ್ತಿ ಇಲ್ಲ.

ಈಗ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕು. ಹಲವು ವರ್ಷಗಳ ಹಿಂದೆ ಇದೇ ಕಡೆಯ ಹಿರಿಯ ರೈತರೊಬ್ಬರ ಟ್ರ್ಯಾಕ್ಟರು ನನ್ನ ಕೈಗೆ ಬಂತು. ನೀಲಿ ಹೊಗೆ, ಬೆಳಗಿನ ಹೊತ್ತು ಸ್ಟಾರ್ಟಾಗಲು ಕಷ್ಟ, ದಿನಕ್ಕೆ ಅರ್ಧ ಲೀಟರ್ ಎಣ್ಣೆ. ಬಿತ್ತನೆ ಹತ್ತಿರವಾಗಿತ್ತು, ಅವರು ಕುರಿ ಮಾರಿ ದುಡ್ಡು ತಂದಿದ್ದರು. ಖರ್ಚು ಕಡಿಮೆ ಮಾಡೋಣವೆಂದು ನಾನು ಲೈನರನ್ನು ಅಳೆಯದೆ, ಕಣ್ಣಳತೆಯಲ್ಲೇ ಸರಿಯಿದೆ ಎಂದುಕೊಂಡು ಬರೀ ರಿಂಗ್ ಸೆಟ್ ಹಾಕಿ ಕೊಟ್ಟೆ. ಹೊಗೆ ನಿಂತಿತು. ನನಗೂ ಹೆಮ್ಮೆಯಾಯಿತು. ಮೂರು ವಾರ ಕಳೆದು ಅವರು ಮತ್ತೆ ಬಂದರು. "ಏನಯ್ಯಾ, ಉಂಗುರ ಹೊಸದು, ಹೊಗೆ ಮಾತ್ರ ಹಳೇದೇ ಐತಲ್ಲ!" ಎಂದರು. ಕೋಪದಿಂದ ಹೇಳಿದ ಮಾತಲ್ಲ ಅದು. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

ಈ ಸಲ ಎಂಜಿನ್ ಬಿಚ್ಚುವ ಮುನ್ನ ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯನ್ನು ಬಿಚ್ಚಿದೆ. ಕ್ಲಿಪ್ಪಿನ ಅಡಿಯಲ್ಲಿ, ಕಣ್ಣಿಗೆ ಕಾಣದ ಕೆಳಬದಿಯಲ್ಲಿ ಸೀಳು ಬಿಟ್ಟಿತ್ತು. ಒಳಗೆ ಬೆರಳಾಡಿಸಿದರೆ ಬೆರಳ ತುದಿ ಕೆಂಪಾಯಿತು. ಸೋಸದ ಗಾಳಿ ಅಲ್ಲಿಂದ ನೇರವಾಗಿ ಒಳಹೋಗುತ್ತಿತ್ತು. ಹಳೆಯ ಉಂಗುರವನ್ನು ಕೊಂದ ಧೂಳು ಹೊಸದನ್ನೂ ಕೊಂದಿತ್ತು. ಲೈನರಿನ ಮೇಲ್ಭಾಗದಲ್ಲಿ ಉಂಗುರ ತಿರುಗಿ ನಿಲ್ಲುವ ಕಡೆ ಮೆಟ್ಟಿಲು ಬಿದ್ದದ್ದೂ ಈಗ ಕಂಡಿತು. ಅಲ್ಲಿ ಪಿಸ್ಟನ್ನು ಕ್ಷಣ ನಿಲ್ಲುತ್ತದೆ, ಎಣ್ಣೆಯ ಪದರ ಅತ್ಯಂತ ತೆಳುವಾಗಿರುತ್ತದೆ, ಅನಿಲದ ಒತ್ತಡ ಅತ್ಯಂತ ಹೆಚ್ಚಿರುತ್ತದೆ. ಆದ್ದರಿಂದ ಸವೆತವೂ ಅಲ್ಲೇ ಹೆಚ್ಚು. ಆ ಮೆಟ್ಟಿಲಿಗೆ ಬಡಿದು ಹೊಸ ಉಂಗುರ ಮುರಿಯುವುದೂ ಉಂಟು. ಕೂಲಿ ತೆಗೆದುಕೊಳ್ಳದೆ ಮತ್ತೆ ಕೆಲಸ ಮಾಡಿಕೊಟ್ಟೆ. ಆದರೆ ಲೈನರು, ಪಿಸ್ಟನ್ನು, ಉಂಗುರಗಳ ಬೆಲೆ ಅವರದೇ. ಟ್ರ್ಯಾಕ್ಟರು ನನ್ನ ಹತ್ತಿರ ನಿಂತಿದ್ದ ದಿನಗಳಲ್ಲೇ ಮಳೆ ಬಂದು ಹೋಯಿತು. ಆ ವರ್ಷ ಅವರಿಗೆ ಹದ ತಪ್ಪಿತು.

ಸವೆದದ್ದನ್ನು ಬದಲಿಸುವ ಮುನ್ನ ಸವೆಸಿದ್ದು ಯಾವುದೆಂದು ಹುಡುಕಬೇಕು. ಇದನ್ನು ಪಾಠವಾಗಿ ನೂರು ಸಲ ಹೇಳಿದ್ದೆ. ಕಲಿತದ್ದು ಆ ದಿನ.

ಈಗ ಕೆಲಸಗಾರ ಗೆಳೆಯರಿಗೆ ಕೆಲವು ಮಾತು. ನೀಲಿ ಹೊಗೆ ಕಂಡೊಡನೆ ಹೆಡ್ ಇಳಿಸಬೇಡಿ. ಕಪ್ಪು ಹೊಗೆ ಡೀಸೆಲ್ ಪೂರ್ತಿ ಉರಿಯದ್ದರ ಗುರುತು. ತಣ್ಣಗಿರುವಾಗಿನ ಬಿಳಿ ಹೊಗೆ ಉರಿಯದ ಡೀಸೆಲಿನದೋ ನೀರಿನ ಹಬೆಯದೋ ಆಗಿರುತ್ತದೆ. ನೀಲಿಯದು ಎಣ್ಣೆಯದು. ಆದರೆ ಎಣ್ಣೆ ವಾಲ್ವ್ ಗೈಡಿನಿಂದಲೂ ಇಳಿಯುತ್ತದೆ, ಟರ್ಬೋದ ಸೀಲಿನಿಂದಲೂ ಬರುತ್ತದೆ. ರಾತ್ರಿಯೆಲ್ಲ ನಿಂತ ಗಾಡಿ ಬೆಳಗ್ಗೆ ಒಮ್ಮೆ ಬುಸ್ಸೆಂದು ನೀಲಿ ಕಾರಿ ಸುಮ್ಮನಾದರೆ ಮೊದಲು ಗೈಡನ್ನು ಅನುಮಾನಿಸಿ. ಭಾರ ಎಳೆಯುವಾಗ ಸತತವಾಗಿ ಕಾರಿದರೆ ಉಂಗುರವನ್ನು ಅನುಮಾನಿಸಿ. ಎಂಜಿನ್ನು ಓಡುತ್ತಿರುವಾಗ ಎಣ್ಣೆ ತುಂಬುವ ಮುಚ್ಚಳ ಸಡಿಲಿಸಿದರೆ ಹೊಗೆ ಬುಸುಬುಸು ಎಂದು ಬರುತ್ತದೆಯೇ ನೋಡಿ. ಕಂಪ್ರೆಷನ್ ಗೇಜಿನಿಂದ ಸಿಲಿಂಡರುಗಳನ್ನು ಒಂದೊಂದಾಗಿ ಅಳೆಯಿರಿ. ಸಿಲಿಂಡರಿಗೆ ಗಾಳಿ ತುಂಬಿ ಕಿವಿಗೊಟ್ಟರೆ ಇನ್ನೂ ಸ್ಪಷ್ಟ: ಬ್ರೀದರಿನಲ್ಲಿ ಸದ್ದು ಬಂದರೆ ಉಂಗುರ, ಸೈಲೆನ್ಸರಿನಲ್ಲಿ ಬಂದರೆ ಹೊಗೆ ವಾಲ್ವು, ಏರ್ ಕ್ಲೀನರಿನ ಕಡೆ ಬಂದರೆ ಗಾಳಿ ವಾಲ್ವು. ಸಿಲಿಂಡರಿಗೆ ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯುವ ಪದ್ಧತಿ ಪೆಟ್ರೋಲ್ ಎಂಜಿನ್ನಿನದು. ಡೀಸೆಲಿನಲ್ಲಿ ಅದನ್ನು ಮಾಡಬೇಡಿ, ಅಪಾಯ.

ಇನ್ನೊಂದು ಸಂಗತಿ ಗಮನದಲ್ಲಿರಲಿ. ಹಳೆಯ ಟ್ರ್ಯಾಕ್ಟರುಗಳಲ್ಲಿ ಏರ್ ಕ್ಲೀನರಿನ ಬಟ್ಟಲಿಗೆ ಎಣ್ಣೆ ಹಾಕುತ್ತೇವೆ. "ಹೆಚ್ಚಿದ್ದರೆ ಹೆಚ್ಚು ಸೋಸುತ್ತದೆ" ಎಂದು ಕೆಲವರು ಗೆರೆ ಮೀರಿ ತುಂಬುತ್ತಾರೆ. ಎಂಜಿನ್ನು ಆ ಎಣ್ಣೆಯನ್ನೇ ಎಳೆದು ನೀಲಿ ಹೊಗೆ ಕಾರುತ್ತದೆ. ತಪ್ಪಿಲ್ಲದ ಉಂಗುರಕ್ಕೆ ಆಗ ಶಿಕ್ಷೆ. ಕಾಗದದ ಫಿಲ್ಟರನ್ನು ಟೈರಿಗೆ ಬಡಿಯುವುದು, ಪಂಕ್ಚರ್ ಅಂಗಡಿಯ ಗಾಳಿಯನ್ನು ಪೂರ್ತಿ ಒತ್ತಡದಲ್ಲಿ ಬಿಡುವುದು ಇವೂ ತಪ್ಪು. ಅದು ಹರಿಯುತ್ತದೆ, ಹರಿದದ್ದು ಕಣ್ಣಿಗೆ ಕಾಣುವುದಿಲ್ಲ.

ಕೆಲಸ ಮಾಡಲೇಬೇಕಾದರೆ ಪೂರ್ತಿ ಮಾಡಿ. ಲೈನರನ್ನು ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆಯಿರಿ. ಹೊಸ ಉಂಗುರವನ್ನು ಸಿಲಿಂಡರಿಗೆ ಇಳಿಸಿ ಬಾಯಿಯನ್ನು ಫೀಲರ್ ಗೇಜಿನಿಂದ ನೋಡಿ. ಕಾಲುವೆಯ ಸಂದಿಯನ್ನೂ ನೋಡಿ. ಹೋನಿಂಗ್ ಮಾಡಿಸಿದ ಮೇಲೆ ಗೋಡೆಯನ್ನು ಡೀಸೆಲಿನಲ್ಲಿ ಒರೆಸಿದರೆ ಸಾಲದು. ಬಿಸಿನೀರು, ಸೋಪು ಹಾಕಿ ಬ್ರಷ್ಷಿನಿಂದ ಉಜ್ಜಿ, ಬಿಳಿ ಬಟ್ಟೆ ಬಿಳಿಯಾಗಿಯೇ ಬರುವವರೆಗೆ ತೊಳೆಯಿರಿ, ಒಣಗಿಸಿ ಕೂಡಲೇ ಎಣ್ಣೆ ಸವರಿ. ಇಲ್ಲದಿದ್ದರೆ ಸಾಣೆಕಲ್ಲಿನ ಪುಡಿಯನ್ನು ನಾವೇ ಒಳಗೆ ಬಿಟ್ಟಂತೆ. ಹೊಸ ಉಂಗುರ ಹಾಕಿದ ಎಂಜಿನ್ನನ್ನು ಗಂಟೆಗಟ್ಟಲೆ ಸುಮ್ಮನೆ ಓಡಿಸುವ ರೂಢಿಯನ್ನೂ ಬಿಡಿ. ಉಂಗುರವನ್ನು ಗೋಡೆಗೆ ಒತ್ತುವುದರಲ್ಲಿ ಅದರ ಬಿಗುವಿಗಿಂತ ಅದರ ಹಿಂದೆ ಸೇರುವ ಅನಿಲದ ಒತ್ತಡದ ಪಾತ್ರವೇ ದೊಡ್ಡದು. ಭಾರವಿಲ್ಲದೆ ಓಡಿದರೆ ಆ ಒತ್ತಡ ಸಾಲದೆ ಉಂಗುರ ಹೊಂದಿಕೊಳ್ಳುವ ಮುನ್ನವೇ ಗೋಡೆ ನುಣುಪಾಗಿಬಿಡುತ್ತದೆ. ಹದವಾದ ಭಾರ ಕೊಡಿ.

ದಪ್ಪ ಎಣ್ಣೆ ಹಾಕಿ, ಡಬ್ಬಿಯ ಔಷಧಿ ಹಾಕಿ ಹೊಗೆ ಅಡಗಿಸುವುದು ನೋವಿನ ಮಾತ್ರೆ ನುಂಗಿದಂತೆ. ಮಾರುವವನಿಗೆ ಅದು ಉಪಯೋಗ, ಕೊಳ್ಳುವವನಿಗೆ ಅಲ್ಲ.

ಇಷ್ಟೆಲ್ಲ ಮಾಡದಿದ್ದರೆ ಏನಾಗುತ್ತದೆ? ಹತ್ತು ಗಂಟೆಗೆ ಅರ್ಧ ಲೀಟರ್ ತಿನ್ನುವ ಎಂಜಿನ್ನು 250 ಗಂಟೆಗೆ ಹನ್ನೆರಡೂವರೆ ಲೀಟರ್ ತಿನ್ನುತ್ತದೆ. ಎಷ್ಟೋ ಟ್ರ್ಯಾಕ್ಟರುಗಳ ಚೇಂಬರು ಹಿಡಿಯುವುದು ಅದಕ್ಕಿಂತ ಕಡಿಮೆ. ಅಂದರೆ ಕಾಲಕ್ಕೆ ಬದಲಿಸುವ ಎಣ್ಣೆಗಿಂತ ಹೆಚ್ಚು ಎಣ್ಣೆ ಬದಲಿಸುವ ಮುನ್ನವೇ ಗಾಳಿಗೆ ಹೋಗಿರುತ್ತದೆ. ಹೊಗೆಯಾಗಿ ಅದು ಮೊದಲು ತಲುಪುವುದು ಸೀಟಿನ ಮೇಲೆ ಕೂತವನನ್ನು, ಆಮೇಲೆ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರನ್ನು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಎಣ್ಣೆ ಉರಿದ ಹೊಗೆ ಅದರ ಮೇಲಿನ ಹೆಚ್ಚುವರಿ. ಸಿರಾದ ಹೆದ್ದಾರಿಯಲ್ಲಿ ಓಡುವ, 2020ರ ಏಪ್ರಿಲಿನಿಂದ ಈಚೆಗೆ ಬಂದ ಬಿಎಸ್-6 ಲಾರಿಗಳ ಮಾಲೀಕರೂ ಇದನ್ನು ಕೇಳಬೇಕು. ಅವುಗಳ ಹೊಗೆ ಸೋಸುವ ಜಾಲರಿ ಮಸಿಯನ್ನು ಸುಟ್ಟುಕೊಳ್ಳಬಲ್ಲದು. ಎಂಜಿನ್ ಎಣ್ಣೆಯಲ್ಲಿನ ಲೋಹಾಂಶದ ಬೂದಿಯನ್ನು ಸುಡಲಾರದು. ಎಣ್ಣೆ ತಿನ್ನುವ ಎಂಜಿನ್ನು ಆ ದುಬಾರಿ ಜಾಲರಿಯನ್ನು ಬೇಗನೆ ಕಟ್ಟಿಸುತ್ತದೆ.

ಇನ್ನು ಚೇಂಬರಿನಿಂದ ನಾವೇ ಇಳಿಸುವ ಕಪ್ಪು ಎಣ್ಣೆ. ಸವೆದ ಉಂಗುರದಿಂದ ಕೆಳಗಿಳಿದ ಮಸಿ, ಅರೆಸುಟ್ಟ ಡೀಸೆಲು, ಉಂಗುರದ ಕಬ್ಬಿಣ ಕ್ರೋಮಿಯಂ, ಬೇರಿಂಗಿನ ಲೋಹ ಎಲ್ಲ ಅದರಲ್ಲಿವೆ. ಎಂಜಿನ್ನು ಕೆಟ್ಟಷ್ಟೂ ಆ ಎಣ್ಣೆ ಹೆಚ್ಚು ವಿಷ. ಅದನ್ನು ನಾವು ಏನು ಮಾಡುತ್ತೇವೆ? ಬೇಲಿಯ ಬುಡಕ್ಕೆ ಸುರಿಯುತ್ತೇವೆ, ಗೆದ್ದಲಿಗೆಂದು ಮರಕ್ಕೆ ಬಳಿಯುತ್ತೇವೆ, ಧೂಳು ಏಳದಿರಲೆಂದು ಗ್ಯಾರೇಜಿನ ಅಂಗಳಕ್ಕೆ ಚೆಲ್ಲುತ್ತೇವೆ. ಒಂದು ವಾಹನದ ಒಂದು ಸಲದ ಹಳೆಯ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸಿದೆ. ಅಷ್ಟು ಸಿಹಿನೀರು ನಮ್ಮಲ್ಲಿ ಎಲ್ಲಿದೆ? ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಇದೆ, ಅದೂ ಇದೇ ಗ್ರಾನೈಟಿನ ಖನಿಜಗಳಿಂದ ಬಂದದ್ದು. ಅದಕ್ಕಾಗಿ ಶುದ್ಧ ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಲ್ಲುತ್ತೇವೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಹಾದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ವರ್ಷದ ಬಹುಪಾಲು ಮರಳಾಗಿಯೇ ಇರುತ್ತದೆ. ಹರಿಯುವ ನೀರಿಲ್ಲದ ನೆಲದಲ್ಲಿ ಚೆಲ್ಲಿದ ಎಣ್ಣೆ ತೊಳೆದು ಹೋಗುವುದೂ ಇಲ್ಲ. ಕುಳಿತು, ಮಳೆ ಬಂದ ದಿನ ಕೆರೆಗೆ ಇಳಿಯುತ್ತದೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ 2016ರ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಅನುಮತಿ ಪಡೆದ ಮರುಸಂಸ್ಕರಣಾ ಘಟಕಕ್ಕೇ ಅದು ಹೋಗಬೇಕು. 2023ರಲ್ಲಿ ಆದ ತಿದ್ದುಪಡಿಯಂತೆ 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಿಸಿ ಮಾರುವವರ ಮೇಲೂ ಅದರ ಮರುಸಂಸ್ಕರಣೆಯ ಹೊಣೆ ಬಿದ್ದಿದೆ. ಆದರೆ ಹೋಬಳಿಯ ಗ್ಯಾರೇಜಿನ ಮುಂದೆ ಡ್ರಮ್ಮು ಇಡುವವರು ನಾವೇ ಆಗಬೇಕು. ಒಂದು ಊರಿನ ನಾಲ್ಕು ಗ್ಯಾರೇಜು ಸೇರಿ ಒಂದು ಮುಚ್ಚಳದ ಡ್ರಮ್ಮು ತುಂಬಿಸಿದರೆ ಅನುಮತಿಯಿರುವ ಖರೀದಿದಾರನನ್ನು ಕರೆಸುವುದು ಸುಲಭ. ಅದಕ್ಕೆ ನೀರು, ಸೀಮೆಎಣ್ಣೆ, ಬ್ರೇಕ್ ಆಯಿಲ್ ಬೆರೆಸಬೇಡಿ. ಬೆರೆತರೆ ಅದನ್ನು ಶುದ್ಧಗೊಳಿಸುವುದು ಕಷ್ಟ.

ಇಲ್ಲಿ ಒಬ್ಬರು ಚೀಟಿಯಲ್ಲಿ ಪ್ರಶ್ನೆ ಬರೆದು ಕಳುಹಿಸಿದ್ದಾರೆ: "ಹೊಗೆ ಕಾರುವ ಹಳೆಯ ಟ್ರ್ಯಾಕ್ಟರನ್ನು ಗುಜರಿಗೆ ಹಾಕಿ ಹೊಸದು ಕೊಳ್ಳುವುದೇ ಪರಿಸರಕ್ಕೆ ಒಳ್ಳೆಯದಲ್ಲವೇ?" ಸಾಲದ ಕಂತು ಕಟ್ಟುವವರು ಯಾರೆಂದು ಮೊದಲು ಕೇಳಬೇಕು. ಹೊಸ ಟ್ರ್ಯಾಕ್ಟರೂ ಇದೇ ಹೊಲದಲ್ಲಿ ಇದೇ ಧೂಳು ಕುಡಿಯಬೇಕು. ಹರಿದ ಕೊಳವೆ, ಕೆಸರು ತುಂಬಿದ ಬಟ್ಟಲು ಇದ್ದರೆ ಅದೂ ಕೆಲವೇ ಹಂಗಾಮಿನಲ್ಲಿ ನೀಲಿ ಹೊಗೆ ಕಾರುತ್ತದೆ. ಚೌಕಟ್ಟು, ಗೇರ್‌ಬಾಕ್ಸು ಗಟ್ಟಿಯಿರುವ ಯಂತ್ರಕ್ಕೆ ಹೊಸ ಲೈನರು, ಪಿಸ್ಟನ್ನು, ಉಂಗುರ ಹಾಕಿ ಇನ್ನೂ ಹಲವು ವರ್ಷ ಶುದ್ಧವಾಗಿ ದುಡಿಸಬಹುದು. ಅಷ್ಟು ಟನ್ನು ಕಬ್ಬಿಣ ಕರಗಿಸಿ ಮತ್ತೆ ಎರಕ ಹೊಯ್ಯುವ ಬೆಂಕಿ, ಹೊಗೆ ಉಳಿಯಿತೆಂದು ತಿಳಿಯಿರಿ. ಚೆನ್ನಾಗಿ ಮಾಡಿದ ದುರಸ್ತಿಯೂ ಪರಿಸರದ ಕೆಲಸವೇ. ಅರ್ಧ ಮಾಡಿದ ದುರಸ್ತಿ ಹಾಗಲ್ಲ; ಅದನ್ನು ನನ್ನ ಅನುಭವದಿಂದಲೇ ಹೇಳಿದೆ.

ನನ್ನ ಮಾತು ಮುಗಿಯಿತು. ನಾಳೆ ಬೆಳಗ್ಗೆ ಎಂಜಿನ್ನು ಸ್ಟಾರ್ಟ್ ಮಾಡುವ ಮುನ್ನ ಎರಡೇ ಕೆಲಸ ಮಾಡಿ. ಡಿಪ್ ಸ್ಟಿಕ್ ಎಳೆದು ಗೆರೆ ನೋಡಿ, ಕಡಿಮೆಯಾಗಿದ್ದರೆ ಎಷ್ಟು ಸುರಿದಿರಿ ಎಂದು ದಿನಾಂಕದೊಡನೆ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಆಮೇಲೆ ಏರ್ ಕ್ಲೀನರಿನ ಕೊಳವೆಯ ಕ್ಲಿಪ್ಪು ಸಡಿಲಿಸಿ, ಒಳಗೆ ಬೆರಳಾಡಿಸಿ. ಬೆರಳು ಕೆಂಪಾದರೆ ಅಂದು ಉಳಬೇಡಿ, ಮೊದಲು ಕೊಳವೆ ಬದಲಿಸಿ.